ಗೋಡೆಯಿಲ್ಲದ ಜೈಲು, ಕನ್ನಡವಿಲ್ಲದ ಜೈಲು

ನಮ್ಮ ಜತ್ತಕ್ಕೆ ಆಟಪಾಡಿ ದೂರವೇನಲ್ಲ. ಎರಡೂ ಸಾಂಗಲಿ ಜಿಲ್ಲೆಯ ಬರದ ತಾಲೂಕುಗಳೇ. ಆಟಪಾಡಿಯ ಕಡೆ ಸ್ವತಂತ್ರಪುರ ಅಂತ ಒಂದು ಬಯಲು ಜೈಲು ಇದೆ. ಔಂಧ ಸಂಸ್ಥಾನದವರು 1939ರಲ್ಲಿ ಶುರು ಮಾಡಿದ್ದು. ಗೋಡೆ ಇಲ್ಲ, ಕೈದಿಗಳು ಹೊಲ ಮಾಡಬೇಕು, ಸಂಸಾರವೂ ಜೊತೆಗಿರಬಹುದು. ಅದರ ಹಿಂದಿದ್ದವರಲ್ಲಿ ಮಾರಿಸ್ ಫ್ರಿಡ್ಮನ್ ಎಂಬ ಪೋಲೆಂಡಿನ ಎಂಜಿನಿಯರ್ ಒಬ್ಬರು. ಅದಕ್ಕೂ ಮೊದಲು ಬೆಂಗಳೂರಿನಲ್ಲಿ ಕೆಲಸ ಮಾಡಿದವರು, ಹಾಗಾಗಿ ಅರ್ಧ ನಮ್ಮವರೇ ಅನ್ನಿ! ಶಾಂತಾರಾಮರ 'ದೋ ಆಂಖೇ ಬಾರಹ ಹಾಥ್' (1957) ಸಿನೆಮಾಕ್ಕೆ ಇದೇ ಪ್ರೇರಣೆ.

ಈ ಕಥೆಯನ್ನು ತರಗತಿಯಲ್ಲಿ ಹೇಳುವಾಗ ನಾವು ಶಿಕ್ಷಕರು ಸ್ವಲ್ಪ ತಡವರಿಸುತ್ತೇವೆ. ಒಬ್ಬ ಹುಡುಗನ ಅಪ್ಪ ಜೈಲಿನಲ್ಲಿದ್ದಾನೆ. ಹೊರಗೆ ಜೀಪಿನ ಸಪ್ಪಳ ಕೇಳಿದರೆ ಸಾಕು, ಹುಡುಗ ಬರೆಯುವುದನ್ನು ನಿಲ್ಲಿಸಿಬಿಡುತ್ತಾನೆ. 1998ರಲ್ಲಿ ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತವರ ಸಂಗಡಿಗರು ಬಾಲ್ಯದ ಗಾಯಗಳ ಮೇಲೊಂದು ಅಧ್ಯಯನ ಪ್ರಕಟಿಸಿದರು. ಅವರ ಪಟ್ಟಿಯಲ್ಲಿ ಹೊಡೆತ, ಬೈಗುಳಗಳ ಜೊತೆಗೆ ಮನೆಯವರೊಬ್ಬರು ಜೈಲಿಗೆ ಹೋಗುವುದೂ ಇದೆ.

ಹುಡುಗನ ಅವ್ವ ಭೆಟ್ಟಿಗೆ ಹೋಗಿ ಬಂದು ಹೇಳಿದಳು: "ಸರ್, ಅವ್ರಿಗೆ ರಾತ್ರಿ ನಿದ್ದಿನ ಇಲ್ರಿ. ಸಣ್ಣಾಂವ ಇದ್ದಾಗ ಅವರಪ್ಪ ಕಟ್ಟಿ ಹೊಡದದ್ದು ಕನಸಿನ್ಯಾಗ ಬರತೈತಂತ. ಕೇಳಾಕ ಒಬ್ಬ ಬಾಯಾರು ಬರ್ತಾರ, ಮರಾಠ್ಯಾಗ ಕೇಳ್ತಾರ. ಇವ್ರು 'ಠೀಕ್ ಆಹೆ' ಅಂದು ಸುಮ್ಮನಾಗ್ತಾರ."

ಮನಸ್ಸಿನ ಗಾಯದ ಚಿಕಿತ್ಸೆ ನಡೆಯುವುದು ಬಹುಪಾಲು ಮಾತಿನಿಂದಲೇ. ಮೊದಲು ಇಲ್ಲಿ ಭಯವಿಲ್ಲ ಎಂಬ ನಂಬಿಕೆ ಬರಬೇಕು. ಆಮೇಲೆ ಉಸಿರು, ಮೈ ಹಿಡಿತಕ್ಕೆ ಬರಬೇಕು. ನಂತರ ನಡೆದದ್ದನ್ನು ನಿಧಾನವಾಗಿ, ತರಬೇತಿ ಪಡೆದವರ ಮುಂದೆ ಬಿಚ್ಚಬೇಕು. ಜೈಲಿನಲ್ಲಿ ಮೊದಲನೆಯದೇ ಕಷ್ಟ. ಕಬ್ಬಿಣದ ಬಾಗಿಲಿನ ಸದ್ದು, ಮೈ ತಪಾಸಣೆ, ಇಕ್ಕಟ್ಟಿನ ಬರಾಕು... ಅತ್ತು ಬಂದವನು ಅಲ್ಲಿಗೇ ಮರಳಿ ಎಲ್ಲರ ನಡುವೆ ಮಲಗಬೇಕಲ್ಲ!

"ಅವನಿಂದ ಪೆಟ್ಟು ತಿಂದವರ ಗಾಯ?" ಎಂದು ಊರವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅವರಿಗೂ ಚಿಕಿತ್ಸೆ ಬೇಕು, ಅದು ಇನ್ನೂ ಮೊದಲು ಬೇಕು. ಆದರೆ ಇವನ ನಿದ್ದೆ ಕೆಡಿಸಿದರೆ ಅವರ ಗಾಯ ಮಾಯುತ್ತದೆ ಎಂದು ನಮಗೆ ಅನ್ನಿಸುವುದಿಲ್ಲ. ಶಿಕ್ಷೆ ಮುಗಿದ ಮೇಲೆ ಅವನು ಬರುವುದು ಇದೇ ಊರಿಗೆ, ಇದೇ ಹುಡುಗನ ಮನೆಗೆ.

2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಪ್ರತಿ ರಾಜ್ಯದ ಕನಿಷ್ಠ ಒಂದು ಜೈಲಿನಲ್ಲಾದರೂ ಇಂಥ ಚಿಕಿತ್ಸೆಯ ವ್ಯವಸ್ಥೆ ಇರಬೇಕೆಂದಿದೆ. ಕನ್ನಡ ಬಲ್ಲ ಸಮಾಲೋಚಕರು ಬೇಕೆಂದು ಅವ್ವನ ಹೆಸರಿನಲ್ಲಿ ನಾವೊಂದು ಅರ್ಜಿ ಬರೆದುಕೊಟ್ಟಿದ್ದೇವೆ. ಮರಾಠಿಯಲ್ಲೇ ಬರೆದೆವು, ಇನ್ನೇನು ಮಾಡುವುದು! ಉತ್ತರ ಬಂದಿಲ್ಲ. ಮುಂದಿನ ಭೆಟ್ಟಿಗೆ ಒಯ್ಯಲೆಂದು ಹುಡುಗ ಎರಡು ಸಾಲು ಕನ್ನಡದಲ್ಲಿ ಬರೆದಿದ್ದಾನೆ. ಒತ್ತಕ್ಷರ ತಪ್ಪಿವೆ, ನಾವು ತಿದ್ದಲಿಲ್ಲ.