ಒಕ್ಕಲುಮನೆಯ ದ್ರಾಕ್ಷಿಯ ಹಂದರ

ಅಮರಕೋಶದಲ್ಲಿ ದ್ರಾಕ್ಷಿಗೆ ಮೃದ್ವೀಕಾ, ಗೋಸ್ತನೀ ಎಂಬ ಹೆಸರುಗಳುಂಟು. ಬಾಯಿಗಿಟ್ಟೊಡನೆ ರಸಗೊಡುವ ಕವಿತೆಯನ್ನು ಆಲಂಕಾರಿಕರು ದ್ರಾಕ್ಷಾಪಾಕವೆಂದರು. ಆದರೆ ಬೆಳೆಯುವವನ ಪಾಲಿಗೆ ದ್ರಾಕ್ಷಿಯು ನಾರಿಕೇಳಪಾಕವೇ ಸರಿ. ಕರಟವನ್ನೊಡೆಯದ ಹೊರತು ತಿರುಳು ದೊರೆಯುವದಿಲ್ಲ.

ಇಂಡಿ ತಾಲೂಕಿನ ಅಗರಖೇಡವು ಭೀಮೆಯ ದಂಡೆಯ ಊರು. ಜೋಳ, ತೊಗರಿ, ಕಬ್ಬು, ಲಿಂಬೆಗಳ ಈ ಸೀಮೆಯಲ್ಲಿ ಒಂದೆರಡು ಎಕರೆ ದ್ರಾಕ್ಷಿಯನ್ನು ನಂಬಿ ಬಾಳುವ ಮನೆಗಳುಂಟು. ಅಂಥ ಮನೆಯು ಮೊದಲು ಡಾಗ್‌ರಿಜ್ ಎಂಬ ಕಾಡುದ್ರಾಕ್ಷಿಯ ಬೇರುಸಸಿಯನ್ನು ನೆಡುವದು. ಬರವನ್ನೂ ಸವುಳು ನೀರನ್ನೂ ತಾಳುವ ಗುಣ ಅದಕ್ಕಿದೆ. ಸಸಿಯು ಬಲಿತ ಮೇಲೆ ಅದಕ್ಕೆ ಟಾಮ್ಸನ್ ಸೀಡ್‌ಲೆಸ್ ಮೊದಲಾದ ಬೀಜರಹಿತ ಜಾತಿಯ ಕಸಿ ಕಟ್ಟುವರು. ಕಲ್ಲು ಇಲ್ಲವೆ ಕಬ್ಬಿಣದ ಕಂಬ, ತಂತಿ, ಹನಿ ನೀರಾವರಿಯ ಕೊಳವೆ, ಇವೆಲ್ಲಕ್ಕೂ ಹಣ ಮೊದಲೇ ಹೋಗುವದು. ಫಲವು ತಡೆದು ಬರುವದು. ಈ ನಡುವಣ ಕಾಲದಲ್ಲಿ ಸಾಲದ ಬಡ್ಡಿಯು ಬಳ್ಳಿಗಿಂತ ಬೇಗ ಬೆಳೆಯುವದು.

ಬಳ್ಳಿಗೆ ವರುಷಕ್ಕೆರಡು ಚಾಟಣಿ, ಫಲ ಮಾತ್ರ ಒಮ್ಮೆ. ಏಪ್ರಿಲ್ ಸುಮಾರಿಗೆ ಹಳೆಯ ಕಡ್ಡಿಗಳನ್ನು ಕತ್ತರಿಸುವರು. ಬಳಿಕ ಹೊಸ ಕಡ್ಡಿಯ ಕಣ್ಣುಗಳೊಳಗೆ ಮುಂದಿನ ಗೊನೆಗಳು ಗುಪ್ತವಾಗಿ ರೂಪುಗೊಳ್ಳುವವು. ಆಗ ಬಿಸಿಲು, ನೀರು, ಗೊಬ್ಬರಗಳಲ್ಲಿ ಕೊರತೆಯಾದರೆ ಅದು ಮಾಗಿಯಲ್ಲಿ ತಿಳಿಯುವದು. ಅಕ್ಟೋಬರದಲ್ಲಿ ಎರಡನೆಯ ಚಾಟಣಿ. ಅಲ್ಲಿಂದ ನಾಲ್ಕು ತಿಂಗಳ ಸುಮಾರಿಗೆ ಹಣ್ಣು.

ಅಪಾಯವೂ ಅಲ್ಲಿಯೇ. ಎಳೆಯ ಚಿಗುರಿನ ಮೇಲೆ ಹಿಂಗಾರಿ ಮಳೆ ಬಿದ್ದು ಮೋಡ ಕವಿದು ನಿಂತರೆ ಬೂಜುರೋಗವು ಎಲೆ, ಗೊನೆಗಳನ್ನು ಮುತ್ತುವದು. 2020ರಲ್ಲಿ ಅತಿವೃಷ್ಟಿಯಾಗಿ, ಉಜನಿ ಜಲಾಶಯದಿಂದಲೂ ನೀರು ಬಿಟ್ಟು, ಭೀಮೆಯು ಉಕ್ಕಿ ಹರಿದದ್ದು ಇದೇ ಅಕ್ಟೋಬರ ತಿಂಗಳಲ್ಲಿ. ಇಂಥ ದಿನಗಳಲ್ಲಿ ಮೈಲುತುತ್ತು, ಸುಣ್ಣ ಬೆರೆಸಿದ ಬೋರ್ಡೊ ದ್ರಾವಣವೇ ಮುಂತಾದ ಔಷಧಗಳನ್ನು ಹೊತ್ತು ತಪ್ಪದೆ ಸಿಂಪಡಿಸಬೇಕು. ಕೂಲಿಯವನು ನಾಳೆ ಬರುವೆನೆಂದಾನು. ರೋಗವು ನಾಳೆಗೆ ಕಾಯದು. ಸಣ್ಣ ತೋಟವು ಮನೆಮಂದಿಯ ಕಣ್ಣಿನಿಂದಲೇ ಉಳಿಯುವದೆಂಬುದು ಇದಕ್ಕಾಗಿ.

ಇನ್ನು ಮಾರಾಟ. ಹಸಿಹಣ್ಣು ಕೊಯ್ದವನು ಕೊಂಬುವವನ ಕೈಯೊಳಗಿನವನು. ಎರಡು ದಿನ ತಡೆದರೆ ಮಾಲು ಕೆಡುವದು. ಆದರೆ ಈ ನಾಡಿನ ಒಣಹವೆಯು ಒಕ್ಕಲಿಗನಿಗೆ ಬೇರೊಂದು ದಾರಿಯನ್ನು ಕೊಟ್ಟಿದೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್, ಈಥೈಲ್ ಓಲಿಯೇಟ್ ಬೆರೆಸಿದ ನೀರಲ್ಲಿ ಅದ್ದಿದರೆ ಸಿಪ್ಪೆಯ ಮೇಣ ಸಡಿಲಿ ಒಳಗಿನ ನೀರು ಬೇಗ ಆರುವದು. ನೆರಳಿನ ಶೆಡ್ಡಿನಲ್ಲಿ ಬಲೆಯ ಅಂತಸ್ತುಗಳ ಮೇಲೆ ಹರವಿದರೆ ಎರಡು-ಮೂರು ವಾರಗಳಲ್ಲಿ ಒಣದ್ರಾಕ್ಷಿ ಸಿದ್ಧ. ಸುಮಾರು ನಾಲ್ಕು ಕಿಲೋ ಹಣ್ಣು ಒಂದು ಕಿಲೋ ಆಗುವದು. ತೂಕ ಇಳಿದರೂ ಒಕ್ಕಲಿಗನಿಗೆ ಕಾಯುವ ಅಧಿಕಾರ ಬರುವದು. ಶೀತಗೃಹದಲ್ಲಿಟ್ಟು ವಿಜಯಪುರ, ಸಾಂಗಲಿ, ತಾಸಗಾಂವ ಪೇಟೆಗಳ ಧಾರಣೆ ನೋಡಿ ಮಾರಬಹುದು. ಸಾಲಗಾರನ ಅವಸರವೊಂದೇ ಈ ಅಧಿಕಾರವನ್ನು ಕಸಿದುಕೊಳ್ಳಬಲ್ಲದು.

ಆದುದರಿಂದ ಹೊಸದಾಗಿ ಹಂದರ ಹಾಕಬಯಸುವವರು ಬೇಸಗೆಯ ಬಾವಿಯ ನೀರನ್ನೂ ಮನೆಯೊಳಗಿನ ಕೈಗಳನ್ನೂ ಮೊದಲು ಎಣಿಸಿಕೊಳ್ಳಬೇಕು. ಹಂದರವೆಷ್ಟು ದೊಡ್ಡದಿರಬೇಕೆಂಬುದು ಆ ಎಣಿಕೆಯಿಂದ ತಾನೇ ತಿಳಿಯುವದು.