ಬಂದು ಹೋಗುವ ವ್ಯಾಧಿ

ಕೆಟ್ಟು ನಿಂತ ಯಂತ್ರಕ್ಕೆ ಅಷ್ಟಾಗಿ ಹೆದರಬೇಕಾಗಿಲ್ಲ. ಅದರ ದೋಷ ಎಲ್ಲಿಯೂ ಓಡಿಹೋಗದೆ ಒಂದೆಡೆ ಕುಳಿತಿರುತ್ತದೆ. ಬಲ್ಲವನು ಬಂದು ಹಿಡಿಯುತ್ತಾನೆ. ಹೆದರಬೇಕಾದುದು ಬಂದು ಹೋಗುವ ವ್ಯಾಧಿಗೆ. ವೈದ್ಯರ ಹೊಸ್ತಿಲು ಮೆಟ್ಟಿದೊಡನೆ ಮಾಯವಾಗುವ ಹಲ್ಲುನೋವಿನಂತೆ, ಅದು ಮೆಕ್ಯಾನಿಕ್ಕಿನ ಎದುರಿನಲ್ಲಿ ಪರಮ ಸಾಧುವಾಗಿಬಿಡುತ್ತದೆ.

ನಮ್ಮ 12 ವರ್ಷದ ಪುಟ್ಟ ಕಾರಿಗೆ ಈ ವ್ಯಾಧಿ ಅಂಟಿದ್ದು ಕ್ಲಚ್ ಬದಲಾಯಿಸಿದ ಮರುವಾರದಲ್ಲಿ. ಕೀಲಿ ತಿರುಗಿಸಿದರೆ ದೀಪ ಬೆಳಗುವುದು, ಹಾರನ್ ಕೂಗುವುದು. ಎಂಜಿನ್ ಮಾತ್ರ ‘ಟಿಕ್’ ಎಂಬ ಏಕಾಕ್ಷರ ಮಂತ್ರವನ್ನುಚ್ಚರಿಸಿ ಮೌನವ್ರತ ತಾಳುವುದು. ಅರ್ಧ ಗಂಟೆಯ ಮೇಲೆ ಏನೂ ನಡೆಯದಂತೆ ಹೊರಡುವುದು. ಗ್ಯಾರೇಜಿಗೆ ಒಯ್ದರಂತೂ ಒಂದೇ ತಿರುವಿಗೆ ಗುಡುಗುವುದು. “ಗಾಡಿ ಚೆನ್ನಾಗಿದೆಯಲ್ಲ ಸಾರ್! ಕ್ಲಚ್ಚಿಗೂ ಸ್ಟಾರ್ಟಿಂಗಿಗೂ ಏನು ಸಂಬಂಧ? ಬ್ಯಾಟರಿ ಬದಲಾಯಿಸಿ ನೋಡಿ” ಎಂದನು ಮೆಕ್ಯಾನಿಕ್.

ಇದನ್ನು ವಿನೋದವೆಂದು ತಳ್ಳಿಹಾಕುವಂತಿರಲಿಲ್ಲ. ಸಕ್ಕರೆ ಕಾಯಿಲೆಯ ನಮ್ಮ ತಂದೆಯವರ ಪಾದದಲ್ಲಿ ಹುಣ್ಣಾಗಿತ್ತು. ದಿನ ಬಿಟ್ಟು ದಿನ ಆಸ್ಪತ್ರೆಯಲ್ಲಿ ಕಟ್ಟು ಬದಲಿಸಬೇಕು, ಪಾದ ಊರಬಾರದು; ತಪ್ಪಿಸಿದರೆ ಬೆರಳಿಗೇ ಮುಳುವಾದೀತೆಂದು ವೈದ್ಯರು ಎಚ್ಚರಿಸಿದ್ದರು. ಕಟ್ಟಿದ ಕಾಲನ್ನು ಸೀಟಿನ ಮೇಲೆ ಚಾಚಿ, ಆಸ್ಪತ್ರೆಯ ಅಂಗಳದ ಬಿಸಿಲಿನಲ್ಲಿ ಅವರು ಎರಡು ಸಲ ಕಾದರು. ಮೂರನೆಯ ಸಲ, “ನನ್ನಿಂದ ನಿನಗೆ ಪಾಠ ತಪ್ಪುತ್ತದಪ್ಪ. ವಾರಕ್ಕೊಮ್ಮೆ ಬಂದರೆ ಸಾಲದೆ?” ಎಂದರು. ನನಗೆ ಭಯವಾಯಿತು. ಕಾರಿನ ದೋಷ ಅವರ ಕಾಲಿಗೆ ಇಳಿಯತೊಡಗಿತ್ತು.

ದುರಸ್ತಿಯ ಅನಂತರ ಬಂದುದೆಲ್ಲ ದುರಸ್ತಿಯಿಂದಲೇ ಬಂದುದೆನ್ನಲಾಗದು. ಕಾಗೆ ಕುಳಿತುದಕ್ಕೂ ತಾಳೆಹಣ್ಣು ಬಿದ್ದುದಕ್ಕೂ ನಂಟು ಕಲ್ಪಿಸುವುದು ಸುಲಭ. ಆದುದರಿಂದಲೇ ನಮ್ಮ ತಾರ್ಕಿಕರು ಅನ್ವಯ-ವ್ಯತಿರೇಕಗಳನ್ನು ಹೇಳಿದರು: ಯಾವುದಿದ್ದಾಗ ಇದು ಇರುತ್ತದೆ, ಯಾವುದಿಲ್ಲದಾಗ ಇರುವುದಿಲ್ಲ? ನಾನು ಕೇಳಿಕೊಂಡಂತೆ ತಂದೆಯವರು ಲೆಕ್ಕದ ಪುಸ್ತಕದಲ್ಲಿ ಬರೆಯತೊಡಗಿದರು: ದಿನ, ವೇಳೆ, ಓಡಿದ ದೂರ, ಹೊರಟಿತೇ ಇಲ್ಲವೇ. 15 ದಿನಗಳಲ್ಲಿ 31 ಸಲ ಕೀಲಿ ತಿರುಗಿತ್ತು; 6 ಸಲ ಕಾರು ಕೈಕೊಟ್ಟಿತ್ತು. ಆರು ಸಲವೂ ಎಂಜಿನ್ ಕಾದಿತ್ತು. ತಣ್ಣನೆಯ ಬೆಳಗಿನಲ್ಲಿ ಒಮ್ಮೆಯೂ ತಪ್ಪಿರಲಿಲ್ಲ. ಬ್ಯಾಟರಿಯೇ ಸೋತಿದ್ದರೆ, ರಾತ್ರಿಯೆಲ್ಲ ನಿಂತ ಗಾಡಿ ಮುಂಜಾವಿನಲ್ಲಲ್ಲವೇ ಮುಷ್ಕರ ಹೂಡಬೇಕಾದುದು?

ಆ ಪುಟಗಳನ್ನು ನೋಡಿದ ವೃದ್ಧ ಎಲೆಕ್ಟ್ರಿಷಿಯನ್ ಒಬ್ಬರು, “ಕ್ಲಚ್ಚಿನ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸಿರುತ್ತಾರೆ. ಅದಕ್ಕೆ ಬಿಗಿದ ಅರ್ತ್ ವೈರನ್ನು ಬಿಚ್ಚಲೇಬೇಕು” ಎಂದರು. ದೀಪಕ್ಕೆ ಕೆಲವು ಆಂಪಿಯರ್ ಸಾಕು. ಸ್ಟಾರ್ಟರ್ ಮೋಟಾರಿಗೆ ನೂರಕ್ಕೂ ಹೆಚ್ಚು ಬೇಕು. ಕೆಟ್ಟ ಜೋಡಣೆ ಅಲ್ಪವನ್ನು ಹಾಯಗೊಟ್ಟು ಅಧಿಕವನ್ನು ತಡೆಯುತ್ತದೆ. ಕಾದಾಗ ಅದರ ಬಿಗುಮಾನ ಇನ್ನಷ್ಟು. ಕಾರನ್ನು ಓಡಿಸಿ ಬಿಸಿಮಾಡಿಸಿ, ಮೀಟರಿನ ಒಂದು ತುದಿಯನ್ನು ಬ್ಯಾಟರಿಯ ಮೈನಸ್ಸಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಒತ್ತಿ, ಕೀಲಿ ತಿರುಗಿಸಲು ಹೇಳಿದರು. ಅರ್ಧ ವೋಲ್ಟನ್ನು ಮೀರಬಾರದ ಅಂಕಿ 3ನ್ನು ದಾಟಿತು. ಸಡಿಲವಾಗಿದ್ದ ಬೋಲ್ಟನ್ನು ಬಿಚ್ಚಿ, ಅಡಿಯ ತುಕ್ಕನ್ನು ಕೆರೆದು ಬಿಗಿದ ಮೇಲೆ 0.2ಕ್ಕೆ ಇಳಿಯಿತು. ಹೊಸ ಬ್ಯಾಟರಿ ಬೇಕಾಗಲಿಲ್ಲ.

ತಂದೆಯವರು ಬರೆಯುವುದನ್ನು ನಿಲ್ಲಿಸಿಲ್ಲ. ‘ಹೊರಟಿತು’ ಎಂಬುದರ ಪಕ್ಕದಲ್ಲಿ ಈಗ ಹುಣ್ಣಿನ ಅಗಲವನ್ನೂ ದಾಖಲಿಸುತ್ತಾರೆ. ಕಳೆದ ವಾರ 2 ಸೆಂಟಿಮೀಟರ್ ಇದ್ದುದು ಈ ವಾರ ಒಂದೂವರೆ.