ಎರೆ ಹೊಲದ ಓಟದಿಂದ ಬಿಂಕದಕಟ್ಟಿಯ ಗುಡ್ಡಕ್ಕೆ

ಎಂಬತ್ತರ ದಶಕದಲ್ಲಿ ಗದಗ-ಬೆಟಗೇರಿಯ ಫೋಟೋ ಸ್ಟುಡಿಯೋಗಳು ನಡೆಯುತ್ತಿದ್ದುದು ಮದುವೆ, ಜವಳ, ಸಾಲಿ ಮಕ್ಕಳ ಗುಂಪು ಫೋಟೋಗಳ ಮೇಲೆ. ಅವರೆಲ್ಲ ಫೋಟೋಕ್ಕಾಗಿಯೇ ಬಂದು ನಿಲ್ಲುವವರು. ನಿಲ್ಲದವರ ಫೋಟೋ ಬೇಕಾಗುತ್ತಿದ್ದುದು ಜಾತ್ರೆಯ ಕುಸ್ತಿಗೆ, ಕಾರ ಹುಣ್ಣಿಮೆಯಲ್ಲಿ ಎತ್ತುಗಳು ಕರಿ ಹರಿಯುವುದಕ್ಕೆ, ಎತ್ತುಗಳು ಭಾರದ ಬಂಡಿ ಎಳೆಯುವ ತೆರಬಂಡಿಗೆ, ಖಾಲಿ ಗಾಡಾ ಓಟಕ್ಕೆ. ಆ ಕೆಲಸದಲ್ಲಿ ರೊಕ್ಕ ಕಡಿಮೆ, ಧೂಳು ಹೆಚ್ಚು. ಆದರೂ ಕರೆ ಬಂದರೆ ನಾನೇ ಮುಂದಾಗಿ ಹೋಗುತ್ತಿದ್ದೆ. ಫೋಟೋ ತೆಗೆಯುವುದನ್ನು ನಾನು ನಿಜವಾಗಿ ಕಲಿತದ್ದು ಸ್ಟುಡಿಯೋದ ಪರದೆಯ ಮುಂದಲ್ಲ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿ ಕಡೆಯ ಹೊಲಗಳಲ್ಲಿ.

ಆಗ ನಮ್ಮ ಕೈಯಲ್ಲಿದ್ದುದು ಯಾಶಿಕಾ ಮ್ಯಾಟ್ 124ಜಿ. ಒಂದು ರೋಲಿಗೆ 12 ಚಿತ್ರ. ಕ್ಯಾಮೆರಾವನ್ನು ಹೊಟ್ಟೆಯ ಮುಂದೆ ಹಿಡಿದು, ತಲೆ ಬಗ್ಗಿಸಿ ಮೇಲಿನ ಗಾಜಿನಲ್ಲಿ ನೋಡಬೇಕು. ಆ ಗಾಜಿನಲ್ಲಿ ಎಡಕ್ಕಿದ್ದದ್ದು ಬಲಕ್ಕೆ, ಬಲಕ್ಕಿದ್ದದ್ದು ಎಡಕ್ಕೆ ಕಾಣುತ್ತದೆ. ನಿಂತ ವಧೂವರರಿಗೆ ಅದರಿಂದ ತೊಂದರೆಯಿಲ್ಲ. ಓಡುವ ಎತ್ತಿನ ಜೋಡಿಗೆ ಮಾತ್ರ ಕೈ ಒಂದು ಕಡೆ, ಕಣ್ಣು ಇನ್ನೊಂದು ಕಡೆ. ಅದಕ್ಕೇ ಮೇಲಿನ ಮುಚ್ಚಳದ ಮುಂಭಾಗವನ್ನು ಒಳಗೆ ಒತ್ತಿ, ಅಲ್ಲಿ ತೆರೆದುಕೊಳ್ಳುವ ಚೌಕಟ್ಟಿನಿಂದ ನೇರವಾಗಿ ನೋಡುತ್ತಿದ್ದೆವು. ಹಾಗೆ ನೋಡುವಾಗ ಫೋಕಸ್ ಕಾಣುವುದಿಲ್ಲ. ಎತ್ತು ಬರುವ ಮೊದಲೇ ನೆಲದ ಮೇಲಿನ ಒಂದು ಗುರುತಿಗೆ, ಒಂದು ಕಲ್ಲಿಗೋ ಸುಣ್ಣದ ಗೆರೆಗೋ, ಫೋಕಸ್ ಮಾಡಿ ಇಡಬೇಕು. ಜೋಡಿ ಆ ಗುರುತು ಮುಟ್ಟುವ ಕ್ಷಣಕ್ಕೆ ಗುಂಡಿ ಒತ್ತಬೇಕು.

ನಮ್ಮ ಸ್ಟುಡಿಯೋದಲ್ಲಿ ಹಿರಿಯರೊಬ್ಬರಿದ್ದರು, ಎಲ್ಲರೂ ಕಾಕಾ ಅನ್ನುತ್ತಿದ್ದೆವು. ಕಣಕ್ಕೆ ಕಾಲಿಡುವ ಮೊದಲು ಅವರು ಹೇಳುತ್ತಿದ್ದ ಮಾತು: “ಎತ್ತಿನ ಬೆನ್ನ ಹತ್ತಬ್ಯಾಡೋ ತಮ್ಮಾ. ಅದು ಎಲ್ಲಿ ಬರತೈತಿ ಅನ್ನೋದು ತಿಳಕೊ, ಅಲ್ಲಿ ನೀ ಮೊದಲ ಹೋಗಿ ನಿಂದ್ರು.” ಅದಕ್ಕಾಗಿ ಅವರು ಓಟ ಶುರುವಾಗುವ ಬಹಳ ಮೊದಲೇ ಹೊಲದ ಉದ್ದಕ್ಕೂ ನಡೆಯುತ್ತಿದ್ದರು. ನೆಲ ಎಲ್ಲಿ ಮೆತ್ತಗಿದೆ, ಒಡ್ಡು ಎಲ್ಲಿದೆ, ಸೂರ್ಯ ಯಾವ ಕಡೆ ಇಳಿಯುತ್ತಾನೆ, ಜನ ಎಲ್ಲಿ ನುಗ್ಗುತ್ತಾರೆ ಎಂದು ನೋಡುತ್ತಿದ್ದರು. ಎತ್ತಿನ ಯಜಮಾನರ ಹತ್ತಿರ ಕೂತು, ಯಾವ ಎತ್ತು ಬಲಕ್ಕೆ ಎಳೆಯುತ್ತದೆ, ಯಾವುದು ಗದ್ದಲಕ್ಕೆ ಬೆದರುತ್ತದೆ ಎಂದು ಕೇಳಿಕೊಳ್ಳುತ್ತಿದ್ದರು. ಒಳ್ಳೆಯ ಚಿತ್ರದ ಮುಕ್ಕಾಲು ಕೆಲಸ ಈ ಮಾತುಕತೆಯಲ್ಲೇ ಮುಗಿಯುತ್ತಿತ್ತು.

ಖಾಲಿ ಗಾಡಾ ಓಟದಲ್ಲಿ ಒಂದು ನಿಮಿಷದಲ್ಲಿ ಜೋಡಿ ಎಷ್ಟು ಅಡಿ ಓಡಿತು ಎಂದು ಅಳೆಯುವ ಪದ್ಧತಿ ನಮ್ಮ ಕಡೆ ಇದೆ. ಹೊರಡುವ ಗೆರೆಯ ಹತ್ತಿರ ತೆಗೆದರೆ ಎತ್ತುಗಳಿಗಿಂತ ಸುತ್ತಲಿನ ಮಂದಿಯೇ ಹೆಚ್ಚು ಬೀಳುತ್ತಾರೆ. ಸ್ವಲ್ಪ ಮುಂದೆ ಹೋಗಿ ನಿಂತರೆ ಎರಡೂ ಎತ್ತುಗಳ ಹೆಜ್ಜೆ ಕೂಡಿಕೊಂಡಿರುತ್ತದೆ, ಗಾಡಾ ಹೊಡೆಯುವವನು ಮುಂದಕ್ಕೆ ಬಾಗಿರುತ್ತಾನೆ, ಧೂಳು ಹಿಂದೆ ಉಳಿದಿರುತ್ತದೆ. ಆ ಎತ್ತುಗಳ ಎದುರು ನಿಲ್ಲುವ ಮಾತೇ ಇಲ್ಲ. ಪಕ್ಕಕ್ಕೆ, ಒಡ್ಡಿನ ಮೇಲೆ, ಹಿಂದೆ ಸರಿಯಲು ಜಾಗ ಇಟ್ಟುಕೊಂಡೇ ನಿಲ್ಲಬೇಕು. ಫ್ಲ್ಯಾಶ್ ಹೊಡೆಯಲೇಬಾರದು.

ತೆರಬಂಡಿಯ ಲೆಕ್ಕ ಬೇರೆ. ಅಲ್ಲಿ ವೇಗವಿಲ್ಲ, ಭಾರವಿದೆ. ಬಂಡಿ ಇಂಚಿಂಚು ಸರಿಯುತ್ತದೆ. ಫೋಟೋದಲ್ಲಿ ಅದು ನಿಂತ ಬಂಡಿಯಂತೆಯೇ ಕಾಣುವ ಅಪಾಯ ಹೆಚ್ಚು. ಅದಕ್ಕೆ ಮೊಣಕಾಲೂರಿ ಕೆಳಗಿನಿಂದ ತೆಗೆಯಬೇಕು. ನೆಲಕ್ಕೆ ಹೂತ ಗೊರಸು, ತಗ್ಗಿದ ಕತ್ತು, ಬಿಗಿದ ತೊಡೆ, ನೊಗದ ಕೆಳಗೆ ಮಡಿಕೆಯಾದ ಚರ್ಮ, ಇವು ಕಂಡರೆ ಮಾತ್ರ ನೋಡುವವರಿಗೆ ಭಾರ ತಿಳಿಯುತ್ತದೆ. ಎಷ್ಟೋ ವರ್ಷಗಳ ಮೇಲೆ ಯುರೋಪಿನ ಮೋಟಾರ್‌ಸೈಕಲ್ ಟ್ರಯಲ್ಸ್ ಚಿತ್ರಗಳನ್ನು ನೋಡಿದಾಗ ನನಗೆ ಈ ತೆರಬಂಡಿಯೇ ನೆನಪಾಯಿತು. ಸ್ಕಾಟ್ಲೆಂಡಿನಲ್ಲಿ 1909ರಲ್ಲೇ ಶುರುವಾದ ಆರು ದಿನಗಳ ಟ್ರಯಲ್ಸ್ ಇಂದಿಗೂ ನಡೆಯುತ್ತದೆ. 2007ರಿಂದ ಸ್ಪೇನಿನ ಟೋನಿ ಬೌ ಈ ಆಟದ ವಿಶ್ವ ಚಾಂಪಿಯನ್. ಬಂಡೆ, ಹಳ್ಳ, ಬೇರುಗಳ ಮೇಲೆ ಕಾಲು ನೆಲಕ್ಕೆ ಊರದೆ ಗಾಡಿ ದಾಟಿಸಬೇಕು, ಕಾಲೂರಿದರೆ ದಂಡದ ಅಂಕ. ಅಲ್ಲಿಯೂ ವೇಗವಲ್ಲ ಮುಖ್ಯ, ಸಮತೋಲ. ಸವಾರ ಯಾವ ಬಂಡೆಯ ಮೇಲೆ ಒಂದು ಗಳಿಗೆ ತೂಗಾಡುತ್ತಾನೆ ಎಂಬುದನ್ನು ಮೊದಲೇ ತಿಳಿದವನಿಗೆ ಚಿತ್ರ ಸಿಗುತ್ತದೆ. ಆ ಬಂಡೆಯೂ ಚೌಕಟ್ಟಿನಲ್ಲಿ ಇರಬೇಕು. ಬಂಡೆ ಬಿಟ್ಟು ಸವಾರನನ್ನಷ್ಟೇ ತೆಗೆದರೆ ಅವನು ಪಟ್ಟ ಪಾಡು ಕಾಣುವುದಿಲ್ಲ.

ಬೆಳಕಿನ ಪಾಠ ಕಲಿಸಿದ್ದು ನಮ್ಮ ಎರೆ ಮಣ್ಣು. ಪೂರ್ವ ಜರ್ಮನಿಯ ಓರ್ವೊ ಎನ್‌ಪಿ 22 ಫಿಲ್ಮು ಹೆಚ್ಚು ಬಳಸುತ್ತಿದ್ದೆವು, ಅದರ ವೇಗ 125. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಫಿಲ್ಮೂ ಇತ್ತು. ಸುಡುಬಿಸಿಲಿನಲ್ಲಿ 500ನೇ ಒಂದು ಸೆಕೆಂಡಿಗೆ ಎಫ್ 8 ಇಟ್ಟರೆ ಸಾಕು. ಕಾರ ಹುಣ್ಣಿಮೆ ಹೊತ್ತಿಗೆ ಮುಂಗಾರಿನ ಮೋಡ ಕವಿದರೆ ಎಫ್ 4ಕ್ಕೆ ಇಳಿಯಬೇಕು, ಆಗ ಫೋಕಸ್ ಒಂದು ಮೊಳ ತಪ್ಪಿದರೂ ಎತ್ತಿನ ಮುಖ ಮಸುಕು. ಇನ್ನು ಲೈಟ್ ಮೀಟರನ್ನು ಕಪ್ಪು ನೆಲಕ್ಕೆ ತೋರಿಸಿದರೆ ಅದು ಬೆಳಕು ಕಡಿಮೆಯಿದೆ ಎಂದು ತಿಳಿಯುತ್ತದೆ. ಅದರ ಮಾತು ನಂಬಿದರೆ ಬಿಳಿ ಕಿಲಾರಿ ಎತ್ತುಗಳ ಮೈ ಪ್ರಿಂಟಿನಲ್ಲಿ ಬರೀ ಬಿಳಿ ಕಾಗದ. ಕಾಕಾ ತಮ್ಮ ಅಂಗೈಯನ್ನು ಬಿಸಿಲಿಗೆ ಹಿಡಿದು ಅದರ ಮೇಲೆ ಮೀಟರ್ ಓದುತ್ತಿದ್ದರು. ಮಸಾರಿ ನೆಲದಲ್ಲಿ ಸಂಜೆ ಬಿಸಿಲು ಎದುರಾದಾಗ ಏಳುವ ಕೆಂಪು ಧೂಳಿನಷ್ಟು ಚೆಂದದ ಬೆಳಕನ್ನು ನಾನು ಬೇರೆಲ್ಲೂ ನೋಡಿಲ್ಲ.

ಕುಸ್ತಿಗೆ ಇದಕ್ಕಿಂತ ಹೆಚ್ಚು ತಾಳ್ಮೆ ಬೇಕು. ಜಂಗೀ ಕುಸ್ತಿ ಶುರುವಾಗುವ ಹೊತ್ತಿಗೆ ಬಿಸಿಲು ಇಳಿದಿರುತ್ತಿತ್ತು. ಇಬ್ಬರು ಪೈಲವಾನರು ಕತ್ತಿಗೆ ಕತ್ತು ಕೊಟ್ಟು ಬಹಳ ಹೊತ್ತು ನಿಲ್ಲುತ್ತಾರೆ, ಆಮೇಲೆ ಎಲ್ಲವೂ ಕಣ್ಣು ಮಿಟುಕಿಸುವಷ್ಟರಲ್ಲಿ. ಒಬ್ಬನ ಸೊಂಟ ಕೆಳಗಿಳಿದು, ಹಿಂದಿನ ಕಾಲು ತಿರುಗಿತೆಂದರೆ ಧೋಬಿ ಪಟ್ಟು ಹಾಕುತ್ತಾನೆ ಎಂದು ಅರ್ಥ. ಎದುರಾಳಿ ಗಾಳಿಯಲ್ಲಿ ಎದ್ದದ್ದು ಕಂಡ ಮೇಲೆ ಗುಂಡಿ ಒತ್ತಿದರೆ ಫಿಲ್ಮಿನಲ್ಲಿ ಬರುವುದು ಅವನು ಬಿದ್ದ ಮೇಲಿನ ಮಣ್ಣು. ಪಟ್ಟುಗಳನ್ನು ತಿಳಿಯಲೆಂದೇ ನಾನು ಗರಡಿ ಮನೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿನ ಉಸ್ತಾದರು ಪಟ್ಟು ಬಿಡಿಸಿ ತೋರಿಸುತ್ತಿದ್ದರು.

ಚಿತ್ರ ತೆಗೆದರೆ ಮುಗಿಯಲಿಲ್ಲ. ರಾತ್ರಿಯೇ ತೊಳೆದು, ಪ್ರಿಂಟ್ ಹಾಕಿ, ಒಣಗಿಸಿ, ಲಕೋಟೆಯಲ್ಲಿಟ್ಟು ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಸುಮಾರು 58 ಕಿಲೋಮೀಟರ್ ಆಚೆ ಪತ್ರಿಕೆಯವರು ಅದನ್ನು ಬ್ಲಾಕ್ ಮಾಡಿಸುತ್ತಿದ್ದರು. ಬ್ಲಾಕಿನ ಚುಕ್ಕಿಗಳು ದಪ್ಪ, ಸಣ್ಣ ವಿವರವೆಲ್ಲ ಮಸಿಯಲ್ಲಿ ಮುಳುಗುತ್ತಿತ್ತು. ಹಾಗಾಗಿ ಹಿನ್ನೆಲೆ ಚೊಕ್ಕವಾಗಿರಬೇಕು, ಎತ್ತಿನ ಹಿಂದೆ ಆಕಾಶವಿರಬೇಕು, ಕಂಬ, ತಂತಿ, ಶಾಮಿಯಾನ ತಲೆಯ ಮೇಲೆ ಬರಬಾರದು ಎಂಬ ಶಿಸ್ತು ನಮಗೆ ತಾನಾಗಿ ಬಂತು. ಪ್ರಿಂಟಿನ ಹಿಂದೆ ಊರು, ತಾರೀಖು, ಎತ್ತಿನ ಯಜಮಾನರ ಹೆಸರು ಬರೆಯದೆ ಕಳಿಸುವಂತಿರಲಿಲ್ಲ. ಇಂದಿಗೂ ಹಳ್ಳಿಯವರು ಆ ಪ್ರಿಂಟುಗಳನ್ನು ತೋರಿಸಿ, ಇದು ನಮ್ಮಪ್ಪ, ಇದು ನಮ್ಮ ಮನೆಯ ಎತ್ತು ಎನ್ನುತ್ತಾರೆ.

ಆಮೇಲೆ ಒಂದೊಂದೇ ಬದಲಾಯಿತು. 36 ಚಿತ್ರಗಳ ರೋಲು ಬಂತು, 4000ನೇ ಒಂದು ಸೆಕೆಂಡಿನ ನಿಕಾನ್ ಎಫ್‌ಎಂ2 ಬಂತು. ಬಣ್ಣದ ಫಿಲ್ಮು ಬಂದ ಮೇಲೆ ನಮ್ಮ ಕತ್ತಲೆ ಕೋಣೆಗಳು ಬಾಗಿಲು ಹಾಕಿದವು. 1997ರಲ್ಲಿ ಗದಗ ಜಿಲ್ಲೆಯಾಯಿತು, ಪತ್ರಿಕೆಗಳಲ್ಲಿ ಜಿಲ್ಲೆಯ ಸುದ್ದಿಗೆ ಜಾಗ ಹೆಚ್ಚಿತು. ಹೊಸ ಶತಮಾನದಲ್ಲಿ ಡಿಜಿಟಲ್ ಬಂದು ಲಕೋಟೆಯನ್ನೂ ಬಸ್ಸನ್ನೂ ಬಿಡಿಸಿತು. ಅಷ್ಟರಲ್ಲಿ ಓಟಗಳಿಗೇ ತಡೆ ಬಿತ್ತು. 2014ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಎತ್ತುಗಳ ಓಟವನ್ನು ನಿಷೇಧಿಸಿತು. 2017ರಲ್ಲಿ ಕರ್ನಾಟಕ ಕಾನೂನು ತಿದ್ದಿ ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ದಾರಿ ಮಾಡಿತು, 2023ರ ಮೇ 18ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಪ್ರಾಣಿಗೆ ಹಿಂಸೆಯಾಗಬಾರದೆಂಬ ಮಾತನ್ನು ನಾನು ಮನಸಾರೆ ಒಪ್ಪುತ್ತೇನೆ. ಎತ್ತಿನ ಮೈ ಮೇಲಿನ ಬಾಸುಂಡೆ ಕ್ಯಾಮೆರಾಕ್ಕೆ ಮೊದಲು ಕಾಣುತ್ತದೆ. ಅದನ್ನು ಮುಚ್ಚಿ ಚೆಂದದ ಚಿತ್ರ ಕೊಡುವುದು ನಮ್ಮ ಕಸುಬಿನ ಧರ್ಮವಲ್ಲ.

ಈ ನಡುವೆ, 2022ರ ಫೆಬ್ರುವರಿಯಲ್ಲಿ, ಗದಗಿನ ಪಕ್ಕದ ಬಿಂಕದಕಟ್ಟಿಯಲ್ಲಿ ರಾಷ್ಟ್ರೀಯ ಮೌಂಟೇನ್ ಬೈಕ್ ಸೈಕ್ಲಿಂಗ್ ಚಾಂಪಿಯನ್‌ಷಿಪ್ ನಡೆಯಿತು. ವಿಜಯಪುರ, ಬಾಗಲಕೋಟೆ, ಗದಗ ಕಡೆಯ ಹುಡುಗ ಹುಡುಗಿಯರು ಬಹುಕಾಲದಿಂದ ರಾಜ್ಯದ ಸೈಕ್ಲಿಂಗಿಗೆ ಬಲ. ಈಗ ದೇಶದ ಸವಾರರೇ ನಮ್ಮ ಗುಡ್ಡಕ್ಕೆ ಬಂದಿದ್ದರು. ಕಣದ ಅಂಚಿನಲ್ಲಿ ನಿಲ್ಲುವ ಆಸೆ ನನಗೆ ಮತ್ತೆ ಹುಟ್ಟಿತು. ಸುತ್ತ ನೋಡಿದರೆ ಪ್ರತಿ ಕೈಯಲ್ಲೂ ಮೊಬೈಲು, ಹಲವರ ಕೈಯಲ್ಲಿ ಸೆಕೆಂಡಿಗೆ ಹತ್ತಾರು ಚಿತ್ರ ಹಿಡಿಯುವ ಕ್ಯಾಮೆರಾ. ಹೆಚ್ಚಿನವರು ಸಲೀಸಾಗಿ ನಿಲ್ಲಲು ಬರುವ ಸಪಾಟು ಜಾಗದಲ್ಲಿದ್ದರು.

ನಾನು ದಾರಿಗುಂಟ ಮೇಲೆ ನಡೆದೆ. ಒಂದು ತಿರುವಿನಲ್ಲಿ ಜಲ್ಲಿಕಲ್ಲು ಹರಡಿತ್ತು, ಅದರಾಚೆ ಇಳಿಜಾರು. ಒಬ್ಬ ಎಳೆಯ ಫೋಟೋಗ್ರಾಫರ್ ಬಂದು ಕೇಳಿದ: “ಯಾಕ್ರೀ ಸರ್, ಎಲ್ಲಾರೂ ಕೆಳಗ ಅದಾರು, ನೀವೊಬ್ಬರ ಇಲ್ಲೆ ನಿಂತೀರಲ್ಲ?” ನೆಲದ ಮೇಲಿನ ಟೈರಿನ ಗುರುತು ತೋರಿಸಿದೆ. ಸವಾರರು ಇಲ್ಲಿ ಬ್ರೇಕ್ ಹಿಡಿಯುತ್ತಾರೆ, ಮೈ ಹಿಂದಕ್ಕೆ ಹಾಕುತ್ತಾರೆ, ಕಣ್ಣು ಮುಂದಿನ ಕಲ್ಲಿನ ಮೇಲಿರುತ್ತದೆ. ಅವನಿಗೆ ಹೇಳಿದ್ದಿಷ್ಟು: ಗುಡ್ಡವನ್ನು ಮೇಲಿನಿಂದ ತೆಗೆದರೆ ಇಳಿಜಾರು ಸಪಾಟಾಗುತ್ತದೆ, ಪಕ್ಕಕ್ಕೆ ಹೋಗಿ ಕೆಳಗೆ ಕೂತು ತೆಗೆ. ನೆಟ್ಟಗೆ ನಿಂತ ಒಂದು ಗಿಡ ಚೌಕಟ್ಟಿನಲ್ಲಿರಲಿ, ಅದರ ಎದುರು ಇಳಿಜಾರಿನ ಓರೆ ತಾನಾಗಿ ತಿಳಿಯುತ್ತದೆ. 1000ನೇ ಒಂದು ಸೆಕೆಂಡಿನಲ್ಲಿ ಹಿಡಿದರೆ ಗಾಲಿಯ ಕಡ್ಡಿಗಳು ಹೆಪ್ಪುಗಟ್ಟಿ ಸೈಕಲ್ಲು ನಿಂತಂತೆ ಕಾಣುತ್ತದೆ. 125ಕ್ಕೆ ಇಳಿಸಿ, ಸವಾರನ ಜೊತೆಗೇ ಸೊಂಟದಿಂದ ಮೈ ತಿರುಗಿಸು, ಮುಖ ಚೊಕ್ಕ ಬಂದು ಗಾಲಿ ತಿರುಗಲಿ. ಹುಡುಗ ಅಲ್ಲೇ ಕೂತ. ಒಬ್ಬೊಬ್ಬ ಸವಾರ ಬಂದಾಗಲೂ ತೆಗೆದು, ಪರದೆ ನೋಡಿ, ಮತ್ತೆ ತಿದ್ದಿಕೊಂಡ. ನಮಗೆ ಒಂದು ಇಡೀ ಹಂಗಾಮು ಹಿಡಿಯುತ್ತಿದ್ದ ಪಾಠ ಅವನಿಗೆ ಒಂದು ಮಧ್ಯಾಹ್ನದಲ್ಲಿ ಬಂತು. ಅದು ಹೊಸ ಕ್ಯಾಮೆರಾ ಕೊಟ್ಟ ದೊಡ್ಡ ವರ. ನನಗೆ ಅದು ಮನಸಾರೆ ಸಂತೋಷ ಕೊಟ್ಟಿತು.

ಹನ್ನೆರಡೇ ಚಿತ್ರವಿದ್ದಾಗ ಆಟ ತಿಳಿಯದೆ ನಮಗೆ ಬೇರೆ ದಾರಿಯೇ ಇರಲಿಲ್ಲ. ಈಗ ಆ ಒತ್ತಾಯವಿಲ್ಲ, ಆದರೆ ಆಟ ತಿಳಿಯದವನ ಸಾವಿರ ಚಿತ್ರದಲ್ಲೂ ಆ ಒಂದು ಗಳಿಗೆ ಇರುವುದಿಲ್ಲ. ಹಾಗಾಗಿ ನಮ್ಮ ಜಿಲ್ಲೆಯ ಹುಡುಗ ಹುಡುಗಿಯರಿಗೆ ನನ್ನದೊಂದು ಕೋರಿಕೆ. ಮುಂದಿನ ಕಾರ ಹುಣ್ಣಿಮೆಗೆ, ಜಾತ್ರೆಯ ಕುಸ್ತಿಗೆ, ಗುಡ್ಡದ ಸೈಕಲ್ ಓಟಕ್ಕೆ ಒಂದು ದಿನ ಮೊದಲೇ ಕ್ಯಾಮೆರಾ ಇಲ್ಲದೆ ಹೋಗಿ. ದಾರಿ ನಡೆಯಿರಿ, ಎತ್ತು ಸಾಕಿದವರನ್ನು, ಪೈಲವಾನರನ್ನು, ಸವಾರರನ್ನು ಮಾತನಾಡಿಸಿ, ಅವರ ಹೆಸರು ಬರೆದುಕೊಳ್ಳಿ. ಮರುದಿನ ಎಲ್ಲಿ ನಿಲ್ಲಬೇಕೆಂದು ಅವರೇ ಹೇಳಿಕೊಡುತ್ತಾರೆ.